ಬೆವರೊಡೆದರೆ ಏಳುವ ಗಂಧೆ: ಹುಳುವಿಗಿರುವ ಉಷ್ಣಮಾಪಕ ಕಾರ್ಮಿಕನಿಗಿಲ್ಲ

ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯ ಹುಳು ಮನೆಗಳಲ್ಲಿ ಗೋಡೆಗೆ ಉಷ್ಣಮಾಪಕ ತೂಗುಹಾಕಿರುವುದು ಸಾಮಾನ್ಯ ನೋಟ. ಚಾಕಿ ಹುಳುವಿಗೆ 27ರಿಂದ 28 ಡಿಗ್ರಿ, ದೊಡ್ಡ ಹುಳುವಿಗೆ 24–25 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಇಲ್ಲಿನ ಬೆಳೆಗಾರರಿಗೆ ಬಾಯಿಪಾಠ. ಬಿಸಿಲು ಏರಿದಂತೆ ಕಿಟಕಿಗಳಿಗೆ ನೆನೆಸಿದ ಗೋಣಿತಾಟು ಬೀಳುತ್ತದೆ, ಚಾವಣಿಯ ಮೇಲೆ ತೆಂಗಿನ ಗರಿ ಹರಡಿಕೊಳ್ಳುತ್ತದೆ. ಎರಡು ಡಿಗ್ರಿ ಹೆಚ್ಚಾದರೂ ಹುಳು ಸೊಪ್ಪು ಬಿಡುತ್ತದೆ, ಬೆಳೆ ಕೈತಪ್ಪುತ್ತದೆ ಎಂಬ ಆತಂಕವೇ ಇದಕ್ಕೆ ಕಾರಣ.

ಅದೇ ಹುಳು ಕಟ್ಟಿದ ಗೂಡು ಮಾರುಕಟ್ಟೆಯ ಹರಾಜು ಮುಗಿಸಿ ನೂಲು ಬಿಚ್ಚಾಣಿಕೆಯ ಶೆಡ್ಡಿಗೆ ಬಂದೊಡನೆ ಉಷ್ಣತೆಯನ್ನು ಅಳೆಯುವವರು ಯಾರೂ ಇರುವುದಿಲ್ಲ. ತಗಡಿನ ಚಾವಣಿ, ಉರಿಯುವ ಒಲೆ, ಕುದಿಯುವ ನೀರು, ಮೇಲೇಳುವ ಆವಿ. ಇವುಗಳ ನಡುವೆ ದಿನಕ್ಕೆ ಎಂಟು–ಹತ್ತು ಗಂಟೆ ನಿಲ್ಲುವ ಕಾರ್ಮಿಕರ ಪೈಕಿ ಕೆಲವರಿಗೆ ಬೆವರೊಡೆದ ಐದೇ ನಿಮಿಷದಲ್ಲಿ ಕುತ್ತಿಗೆ, ಎದೆ, ತೋಳುಗಳ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲುಸಾಲಾಗಿ ಏಳುತ್ತವೆ. ಚುಚ್ಚಿದಂತಹ ಉರಿ, ತಡೆಯಲಾರದ ತುರಿಕೆ. ಹೊರಗೆ ಬಂದು ಮರದಡಿ ಅರ್ಧ ಗಂಟೆ ಕುಳಿತರೆ ಎಲ್ಲವೂ ಮಾಯ. ವೈದ್ಯರ ಮುಂದೆ ತೋಳು ಚಾಚುವ ಹೊತ್ತಿಗೆ ತೋರಿಸಲು ಏನೂ ಉಳಿದಿರುವುದಿಲ್ಲ. ಮೇಸ್ತ್ರಿಯ ಕಣ್ಣಿಗೆ ಅದು ಕೆಲಸ ತಪ್ಪಿಸುವ ನೆಪ, ಮನೆಯವರಿಗೆ ಪಿತ್ತ.

ವೈದ್ಯಶಾಸ್ತ್ರದಲ್ಲಿ ಇದಕ್ಕೆ ಕೋಲಿನರ್ಜಿಕ್ ಅರ್ಟಿಕೇರಿಯಾ ಎಂಬ ಹೆಸರಿದೆ. ಅಮೆರಿಕದ ವೈದ್ಯ ಡಬ್ಲ್ಯು.ಡಬ್ಲ್ಯು. ಡ್ಯೂಕ್ 1924ರಲ್ಲಿಯೇ ಇದನ್ನು ದಾಖಲಿಸಿದ್ದರು. ಅಂದರೆ ರೋಗ ಹೊಸದಲ್ಲ. ಹೊಸದಾಗಿರುವುದು ಬಿಸಿಲು. ನದಿ–ನಾಲೆಗಳಿಲ್ಲದ ಈ ಬಯಲುಸೀಮೆಗೆ ಹೊಂದಿಕೊಂಡ, ‘ತಂಪು ನಗರ’ ಎಂದೇ ಹೆಸರಾದ ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ ಉಷ್ಣತೆ 39.2 ಡಿಗ್ರಿ ಮುಟ್ಟಿತು. 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಯಿತು. ಹೊರಗಿನ ಉಷ್ಣತೆಯೇ ಇಷ್ಟಿರುವಾಗ ಒಲೆಯ ಪಕ್ಕದ ಸ್ಥಿತಿಯನ್ನು ಊಹಿಸಿಕೊಳ್ಳಬಹುದು.

ಎಲ್ಲ ಗಂಧೆಯೂ ಒಂದೇ ಅಲ್ಲ

‘ಪಿತ್ತದ ಗಂಧೆ’ ಎಂಬ ಒಂದೇ ಹೆಸರಿನಡಿ ಹಲವು ರೋಗಗಳು ಅಡಗಿ ಕುಳಿತಿರುವುದೇ ಈ ಸಮಸ್ಯೆಯ ಮೊದಲ ತೊಡಕು. ತೆಲುಗು ಮಾತನಾಡುವ ಮನೆಗಳಲ್ಲಿ ಇದು ‘ದದ್ದುರ್ಲು’. ಹೆಸರು ಯಾವುದಾದರೂ ಚಿಕಿತ್ಸೆಯ ದಾರಿ ಬೇರೆ ಬೇರೆ. ಆದ್ದರಿಂದ ಗುರುತಿಸುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ.

ಬೆವರಿನಿಂದ ಏಳುವ ಗಂಧೆಯ ಗುಳ್ಳೆಗಳು ಚಿಕ್ಕವು. ಸಾಮಾನ್ಯವಾಗಿ ಒಂದರಿಂದ ಮೂರು ಮಿಲಿಮೀಟರ್. ಸುತ್ತಲೂ ಕೆಂಪು ವಲಯ ಇರುತ್ತದೆ. ದೇಹದ ಒಳಗಿನ ಉಷ್ಣತೆ ಏರಿದಾಗ ಇವು ಕಾಣಿಸಿಕೊಳ್ಳುತ್ತವೆ. ಆ ಏರಿಕೆ ಒಲೆಯಿಂದಲೇ ಬರಬೇಕೆಂದಿಲ್ಲ. ಓಟ, ಹಂಡೆಯ ಬಿಸಿನೀರಿನ ಸ್ನಾನ, ಖಾರದ ಊಟ, ಸಿಟ್ಟು, ಪರೀಕ್ಷೆಯ ಭಯ ಯಾವುದೂ ಸಾಕು. ಗುಳ್ಳೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಗುರುತು ಉಳಿಸದೆ ಇಳಿಯುತ್ತದೆ.

ಎರಡನೆಯದು ಶಾಖದ ಸ್ಪರ್ಶದಿಂದಲೇ ಬರುವ ಗಂಧೆ. ಇದು ತೀರಾ ವಿರಳ. ಬಿಸಿ ವಸ್ತು ಅಥವಾ ಬಿಸಿನೀರು ತಾಗಿದ ಜಾಗ ಮಾತ್ರ ಕೆಲವೇ ನಿಮಿಷಗಳಲ್ಲಿ ಊದಿಕೊಳ್ಳುತ್ತದೆ. ಚರಕದ ಮುಂದೆ ಕುಳಿತವರಿಗೆ ನೀರಿನಲ್ಲಿ ಅದ್ದಿದ ಕೈ ಮಾತ್ರ ಊದಿದರೆ ಈ ಅನುಮಾನ ಬರಬೇಕು. ಕೈಗೆ ಏನೂ ಆಗದೆ ಎದೆ, ಬೆನ್ನಿನಲ್ಲಿ ಗುಳ್ಳೆ ಎದ್ದರೆ ಅದು ಬೆವರಿನ ಗಂಧೆ.

ಬೆವರುಸಾಲೆ ಇವೆರಡೂ ಅಲ್ಲ. ಬೆವರಿನ ನಾಳ ಕಟ್ಟಿಕೊಂಡು ಬರುವ ಆ ಗುಳ್ಳೆಗಳು ದಿನಗಟ್ಟಲೆ ಉಳಿಯುತ್ತವೆ. ಗೂಡು ಬೇಯಿಸಿದ ನೀರಿನಲ್ಲಿ ವರ್ಷಗಟ್ಟಲೆ ಕೈ ಅದ್ದಿದವರ ಬೆರಳ ಸಂದುಗಳಲ್ಲಿ ಚರ್ಮ ಬಿಳಿಚಿಕೊಂಡು ಸೀಳು ಬಿಡುವುದು ಮತ್ತೊಂದು ಬಗೆಯ ಚರ್ಮರೋಗ. ಅದೂ ಗಂಟೆಯಲ್ಲಿ ಹೋಗುವಂಥದ್ದಲ್ಲ. ಎಳೆಗೆ ಅಂಟಿಕೊಂಡಿರುವ ಸೆರಿಸಿನ್ ಎಂಬ ಪ್ರೋಟೀನು, ಪ್ಯೂಪಾದ ಪುಡಿ ಇವುಗಳಿಗೆ ಒಗ್ಗದಿಕೆ ಇದ್ದವರಿಗೆ ಗಂಧೆಯ ಜೊತೆಗೆ ಸೀನು, ಉಬ್ಬಸವೂ ಬರಬಹುದು. ರೇಷ್ಮೆ ಫಿಲೇಚರ್ ಕಾರ್ಮಿಕರನ್ನು ಕುರಿತು 1985ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿಯಲ್ಲಿ ಉಬ್ಬಸವನ್ನು ಗುರುತಿಸಿತ್ತು. ಇನ್ನು ಹುಳು ಮನೆಯಲ್ಲಿ ಸುಣ್ಣದ ಪುಡಿ, ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಬಳಸುವವರಿಗೆ ತುರಿಕೆ ಬಂದರೆ ಕಾರಣ ಅವೇ ಆಗಿರುವ ಸಾಧ್ಯತೆ ಹೆಚ್ಚು.

ಎಷ್ಟು ದೊಡ್ಡದು, ಎಲ್ಲಿ ಎದ್ದಿತು, ಎಷ್ಟು ಹೊತ್ತು ಇತ್ತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧ ರೋಗನಿರ್ಣಯ ಮುಗಿದಂತೆ. ಒಂದೇ ಗುಳ್ಳೆ 24 ಗಂಟೆ ದಾಟಿಯೂ ಉಳಿದು, ಇಳಿದ ಮೇಲೆ ಕಂದಿದ ಕಲೆ ಬಿಟ್ಟರೆ ಅದು ರಕ್ತನಾಳದ ಉರಿಯೂತವಿರಬಹುದು. ತಜ್ಞರ ಪರೀಕ್ಷೆ ಅಗತ್ಯ. ಗುಳ್ಳೆ ಮಾಯವಾಗುವ ಸಮಸ್ಯೆಗೆ ಈಗ ಸುಲಭ ಪರಿಹಾರವೂ ಇದೆ. ಗಂಧೆ ಎದ್ದ ಕೂಡಲೇ ಮೊಬೈಲಿನಲ್ಲಿ ಒಂದು ಚಿತ್ರ, ಪಕ್ಕದಲ್ಲಿ ಅಳತೆಗೊಂದು ನಾಣ್ಯ. ಅರ್ಧ ಗಂಟೆಯ ನಂತರ ಮತ್ತೊಂದು ಚಿತ್ರ. ಮೊಬೈಲು ಚಿತ್ರದ ಜೊತೆಗೆ ಸಮಯವನ್ನೂ ದಾಖಲಿಸುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಯಿಂದ ಸೈಕಲ್ ತುಳಿಸಿ, ಬೇರೊಂದು ದಿನ 42 ಡಿಗ್ರಿ ಬಿಸಿನೀರಿನಲ್ಲಿ ಕುಳ್ಳಿರಿಸಿ ಗಂಧೆ ಏಳುವುದನ್ನು ಕಣ್ಣಾರೆ ನೋಡುವ ಪರೀಕ್ಷೆ ಇದೆ. ಚರಕದ ಕಾರ್ಮಿಕನಿಗೆ ಈ ಪರೀಕ್ಷೆ ದಿನವೂ ಕೂಲಿಯ ಜೊತೆಗೇ ನಡೆಯುತ್ತಿರುತ್ತದೆ ಎನ್ನಬಹುದು.

ಬೆವರೇ ಶತ್ರುವಾಗುವ ಬಗೆ

ಬೆವರು ಗ್ರಂಥಿಗಳಿಗೆ ‘ಕೆಲಸ ಆರಂಭಿಸು’ ಎಂದು ನರಗಳು ಸೂಚನೆ ಕೊಡುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಕೋಲಿನರ್ಜಿಕ್ ಎಂಬ ಹೆಸರು ಬಂದದ್ದು ಅದರಿಂದಲೇ. ಈ ಹಂತದಲ್ಲಿ ಚರ್ಮದೊಳಗಿನ ಮಾಸ್ಟ್ ಕೋಶಗಳು ಕೆರಳಿ ಹಿಸ್ಟಮಿನ್ ಚೆಲ್ಲುತ್ತವೆ. ಗುಳ್ಳೆ, ಕೆಂಪು, ತುರಿಕೆ ಎಲ್ಲವೂ ಅದರ ಫಲ. ಕೋಶಗಳು ಕೆರಳುವುದೇಕೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕೆಲವರಿಗೆ ತಮ್ಮ ಬೆವರೇ ಒಗ್ಗುವುದಿಲ್ಲ. ಚರ್ಮದ ಮೇಲೆ ಸಹಜವಾಗಿ ವಾಸಿಸುವ ಮಲಾಸೇಸಿಯಾ ಎಂಬ ಶಿಲೀಂಧ್ರ ಬಿಡುಗಡೆ ಮಾಡುವ ಪ್ರೋಟೀನೊಂದು ಬೆವರಿನಲ್ಲಿ ಬೆರೆತು ಒಗ್ಗದಿಕೆ ಉಂಟುಮಾಡುತ್ತದೆಂದು ಜಪಾನಿನ ಹಿರೋಶಿಮಾದ ಸಂಶೋಧಕರು 2013ರಲ್ಲಿ ತೋರಿಸಿದರು. ಮತ್ತೆ ಕೆಲವರಲ್ಲಿ ಸಮಸ್ಯೆ ತದ್ವಿರುದ್ಧ. ಅವರು ಸರಿಯಾಗಿ ಬೆವರುವುದೇ ಇಲ್ಲ. ಇಂಥವರು ಬಿಸಿಲಿನಲ್ಲಿ ದುಡಿದರೆ ಗಂಧೆಗಿಂತ ಬಿಸಿಲಾಘಾತದ ಅಪಾಯವೇ ದೊಡ್ಡದು.

ಈ ರೋಗ ಹೆಚ್ಚಾಗಿ ತಲೆದೋರುವುದು 10ರಿಂದ 30ರ ವಯೋಮಾನದಲ್ಲಿ. ಜರ್ಮನಿಯಲ್ಲಿ 1994ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಯುವ ವಿದ್ಯಾರ್ಥಿಗಳ ಪೈಕಿ ಸುಮಾರು ಶೇ 11ರಷ್ಟು ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಇದರ ಲಕ್ಷಣಗಳಿದ್ದವು. ಬಹುತೇಕರದು ಸೌಮ್ಯ ಸ್ವರೂಪದ್ದಾದ್ದರಿಂದ ವೈದ್ಯರವರೆಗೆ ಹೋಗಿರಲಿಲ್ಲ. ಆದ್ದರಿಂದ ಇದು ಶಿಡ್ಲಘಟ್ಟದ ಶೆಡ್ಡುಗಳಿಗೆ ಸೀಮಿತವಾದ ರೋಗವೆಂದು ನಗರದ ಓದುಗರು ಭಾವಿಸಬೇಕಾಗಿಲ್ಲ. ಹೆಲ್ಮೆಟ್ ತೆಗೆದಾಗ ಹಣೆಯಂಚಿನಲ್ಲಿ ಏಳುವ ತುರಿಕೆ, ಕಿಕ್ಕಿರಿದ ಬಸ್ಸಿನಲ್ಲಿ ಕುತ್ತಿಗೆಯ ಸುತ್ತ ಚುಚ್ಚಿದ ಅನುಭವ, ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಯಲ್ಲಿ ಮೈಕೆರೆದುಕೊಳ್ಳುತ್ತ ಕೂರುವ ಹುಡುಗ, ಮೇ ತಿಂಗಳ ಮದುವೆಯಲ್ಲಿ ರೇಷ್ಮೆ ಸೀರೆ ಉಟ್ಟು ಹೋಮದ ಮುಂದೆ ಕುಳಿತ ವಧು. ಎಲ್ಲರದೂ ಒಂದೇ ರೋಗವಿರಬಹುದು. ವ್ಯತ್ಯಾಸವಿಷ್ಟೇ. ನಗರದವರು ಫ್ಯಾನಿನ ಕೆಳಗೆ ಹೋಗಬಲ್ಲರು. ಎಳೆ ಹಿಡಿದು ನಿಂತವರು ಹೋಗುವಂತಿಲ್ಲ.

ಕಂಬಳಿ ಮದ್ದು ಮತ್ತು ನಿದ್ರೆಯ ಮಾತ್ರೆ

ಗಂಧೆ ಎದ್ದರೆ ಕಂಬಳಿ ಹೊದಿಸುವುದು, ಅದರಿಂದಲೇ ಮೈ ಉಜ್ಜುವುದು ಹಳೆ ಮೈಸೂರು ಸೀಮೆಯ ಹಳೆಯ ಮನೆಮದ್ದು. ಶೀತಕ್ಕೆ ಏಳುವ ಗಂಧೆಗೆ ಬೆಚ್ಚಗಿಡುವುದರಿಂದ ಕೊಂಚ ಉಪಶಮನ ಸಿಕ್ಕೀತು. ಶಾಖಕ್ಕೆ ಏಳುವ ಗಂಧೆಗೆ ಮಾತ್ರ ಇದು ಉರಿವ ಬೆಂಕಿಗೆ ತುಪ್ಪ ಸುರಿದಂತೆ. ಕಂಬಳಿಯ ಬಿಸಿಯೂ ತಿಕ್ಕಾಟವೂ ಮಾಸ್ಟ್ ಕೋಶಗಳನ್ನು ಮತ್ತಷ್ಟು ಕೆರಳಿಸುತ್ತವೆ. ಇಲ್ಲಿ ಬೇಕಾದದ್ದು ತಣ್ಣೀರಿನಲ್ಲಿ ಹಿಂಡಿದ ಹತ್ತಿ ಟವಲು.

ಔಷಧಿಯ ವಿಷಯದಲ್ಲಿ ಆಗುತ್ತಿರುವ ತಪ್ಪು ಇದಕ್ಕಿಂತ ಗಂಭೀರ. ಅಂಗಡಿಗೆ ಹೋಗಿ ‘ಪಿತ್ತಕ್ಕೆ ಮಾತ್ರೆ’ ಕೇಳಿದವರ ಕೈಗೆ ಸಾಮಾನ್ಯವಾಗಿ ಬರುವುದು ಅವಿಲ್ ಅಥವಾ ಸಿಪಿಎಂ. ಇವು ಹಳೆಯ ತಲೆಮಾರಿನ ಔಷಧಿಗಳು. ತುರಿಕೆ ತಗ್ಗಿಸುತ್ತವೆ, ಜೊತೆಗೆ ಮಂಪರನ್ನೂ ತರುತ್ತವೆ. ಕುದಿಯುವ ಬಾಣಲೆಯ ಮುಂದೆ ನಿಂತವನಿಗೆ, ತಿರುಗುವ ರಾಟೆಯ ಬಳಿ ಕೈ ಇಟ್ಟವನಿಗೆ, ಸಂಜೆ ಬೈಕಿನಲ್ಲಿ ವಿಜಯಪುರದ ರಸ್ತೆಯಲ್ಲಿ ಮನೆಗೆ ಮರಳುವವನಿಗೆ ಮಂಪರು ಎಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಎರಡನೇ ತಲೆಮಾರಿನ ಔಷಧಿಗಳಾದ ಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್ ಈ ದೃಷ್ಟಿಯಿಂದ ಮೇಲು. ಅವುಗಳಲ್ಲೂ ಸೆಟಿರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ. ರಾತ್ರಿ ಸೇವಿಸಿದರೆ ಆ ತೊಂದರೆ ಕಡಿಮೆ. ರಾಷ್ಟ್ರೀಯ ಅಗತ್ಯ ಔಷಧಿಗಳ 2022ರ ಪಟ್ಟಿಯಲ್ಲಿ ಸೆಟಿರಿಜಿನ್ ಸೇರಿದ್ದು, ಅದು ದುಬಾರಿಯೇನಲ್ಲ.

ಇನ್ನೊಂದು ತಪ್ಪು ಗಂಧೆ ಎದ್ದ ಮೇಲೆ ಮಾತ್ರೆ ನುಂಗುವುದು. ಮಾತ್ರೆ ಕೆಲಸ ಆರಂಭಿಸುವ ಹೊತ್ತಿಗೆ ಗಂಧೆ ತಾನಾಗಿಯೇ ಇಳಿದಿರುತ್ತದೆ. ಗುಣವಾದ ಕೀರ್ತಿ ಮಾತ್ರೆಗೆ ಸಲ್ಲುತ್ತದೆ, ಮರುದಿನ ಮತ್ತೆ ಅದೇ ಕಥೆ. ಬೇಸಿಗೆಯ ತಿಂಗಳುಗಳಲ್ಲಿ ವೈದ್ಯರ ಸಲಹೆಯಂತೆ ದಿನವೂ ನಿಗದಿತ ಹೊತ್ತಿಗೆ ಸೇವಿಸಿದರೆ ಮಾತ್ರ ಪ್ರಯೋಜನ. ಒಂದು ಮಾತ್ರೆಗೆ ಜಗ್ಗದಿದ್ದರೆ ಪ್ರಮಾಣವನ್ನು ನಾಲ್ಕು ಪಟ್ಟಿನವರೆಗೂ ಏರಿಸಲು ಅಂತರರಾಷ್ಟ್ರೀಯ ಮಾರ್ಗಸೂಚಿ ಅವಕಾಶ ಕೊಡುತ್ತದೆ. ಆದರೆ ಆ ನಿರ್ಧಾರ ವೈದ್ಯರದು, ಔಷಧಿ ಅಂಗಡಿಯವರದಲ್ಲ. ಅದಕ್ಕೂ ಬಗ್ಗದವರಿಗೆ ಒಮಾಲಿಜುಮಾಬ್ ಎಂಬ ಚುಚ್ಚುಮದ್ದಿದೆ. ಅದರ ಬೆಲೆ ದಿನಗೂಲಿಯವರ ಎಟುಕಿಗೆ ಮೀರಿದ್ದು. ಶಿಡ್ಲಘಟ್ಟದ ರೀಲಿಂಗ್ ಉದ್ಯಮದಲ್ಲಿ ಮುಸ್ಲಿಂ ಕುಟುಂಬಗಳ ಪಾಲು ದೊಡ್ಡದು. ರಂಜಾನ್ ಉಪವಾಸದ ದಿನಗಳಲ್ಲೂ ರಾತ್ರಿಯ ಒಂದು ಮಾತ್ರೆ ತಪ್ಪಿಸಬೇಕಾಗಿಲ್ಲ.

ತಕ್ಷಣದ ಪರಿಹಾರಕ್ಕೆಂದು ಸ್ಟಿರಾಯ್ಡ್ ಸೂಜಿ ಹಾಕಿಸಿಕೊಳ್ಳುವ ರೂಢಿ ಮಾತ್ರ ನಿಲ್ಲಲೇಬೇಕು. ತಿಂಗಳುಗಟ್ಟಲೆ ಬಂದುಹೋಗುವ ರೋಗಕ್ಕೆ ಪದೇಪದೇ ಸ್ಟಿರಾಯ್ಡ್ ಬಳಸಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂಳೆ ಸವೆತಕ್ಕೆ ದಾರಿಯಾಗುತ್ತದೆ. ಸೊಂಟನೋವಿಗೆಂದು ನುಂಗುವ ಬ್ರೂಫೆನ್, ಆಸ್ಪಿರಿನ್‌ನಂತಹ ಮಾತ್ರೆಗಳು ಗಂಧೆಯನ್ನು ಹೆಚ್ಚಿಸಬಲ್ಲವು ಎಂಬುದೂ ಅನೇಕರಿಗೆ ತಿಳಿದಿಲ್ಲ. ದಿನವಿಡೀ ಬಾಗಿ ನಿಂತು ದುಡಿಯುವವರಿಗೆ ಇದು ಮುಖ್ಯ ಮಾಹಿತಿ. ಮದ್ಯವೂ ಇದೇ ಸಾಲಿಗೆ ಸೇರುತ್ತದೆ.

ದಿನಚರಿಯಲ್ಲಿ ಮಾಡಿಕೊಳ್ಳಬಹುದಾದ ಬದಲಾವಣೆಗಳು ಕೇಳಲು ಸಣ್ಣವು. ಸ್ನಾನಕ್ಕೆ ಕುದಿಸಿದ ನೀರಿನ ಬದಲು ಉಗುರುಬೆಚ್ಚನೆಯ ನೀರು. ಪಾಲಿಯೆಸ್ಟರ್ ಬದಲು ಸಡಿಲವಾದ ಹತ್ತಿ ಬಟ್ಟೆ. ಬಿಸಿಮುದ್ದೆ, ಖಾರದ ಉಪ್ಪುಸಾರು ಉಂಡೊಡನೆ ಒಲೆಯ ಮುಂದೆ ಹೋಗದೆ ಸ್ವಲ್ಪ ಹೊತ್ತು ತಣಿಯುವುದು. ಮಜ್ಜಿಗೆ, ನೀರು ಕೈಗೆಟುಕುವಂತೆ ಇಟ್ಟುಕೊಳ್ಳುವುದು. ಇಲ್ಲೊಂದು ಕುತೂಹಲದ ಅಂಶವಿದೆ. ಒಮ್ಮೆ ಗಂಧೆ ಎದ್ದು ಇಳಿದ ಮೇಲೆ ಕೆಲವು ಗಂಟೆಗಳ ಕಾಲ, ಕೆಲವರಲ್ಲಿ 24 ಗಂಟೆಯವರೆಗೂ, ಚರ್ಮ ಮತ್ತೆ ಕೆರಳುವುದಿಲ್ಲ. ಇದನ್ನು ಬಳಸಿಕೊಂಡು ದಿನವೂ ಸ್ವಲ್ಪಸ್ವಲ್ಪವಾಗಿ ಬೆವರು ಬರಿಸಿ ಮೈಯನ್ನು ಒಗ್ಗಿಸಿಕೊಳ್ಳುವ ವಿಧಾನ ಕೆಲವರಿಗೆ ಫಲ ಕೊಟ್ಟಿದೆ. ಸದಾ ಹವಾನಿಯಂತ್ರಿತ ಕೊಠಡಿಯಲ್ಲಿದ್ದು ಭಾನುವಾರ ಮಾತ್ರ ನಂದಿಬೆಟ್ಟ ಹತ್ತಲು ಬರುವವರಿಗೆ ಮೈತುಂಬ ಗಂಧೆ ಏಳುವುದಕ್ಕೆ ಕಾರಣವೂ ಬಹುಶಃ ಇದೇ. ಆದರೆ ಒಗ್ಗಿಸಿಕೊಳ್ಳುವ ಪ್ರಯೋಗವನ್ನು ಸ್ವಂತವಾಗಿ ಮಾಡುವುದು ಸಲ್ಲದು. ಗಂಧೆಯ ಜೊತೆಗೆ ತುಟಿ, ಕಣ್ಣುರೆಪ್ಪೆ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆಸುತ್ತಿ ಬಿದ್ದರೆ ಅದು ಬರೀ ಗಂಧೆಯಲ್ಲ, ಜೀವಕ್ಕೆ ಎರವಾಗಬಲ್ಲ ಅನಾಫಿಲ್ಯಾಕ್ಸಿಸ್. ಮಲಗಿಸಿ 108ಕ್ಕೆ ಕರೆ ಮಾಡುವುದೊಂದೇ ದಾರಿ. ಕಂಬಳಿಗೂ ಮಾತ್ರೆಗೂ ಅಲ್ಲಿ ಸಮಯವಿಲ್ಲ.

ಹತ್ತಕ್ಕೂ ಇಪ್ಪತ್ತಕ್ಕೂ ನಡುವೆ

ಮೇಲಿನ ಸಲಹೆಗಳೆಲ್ಲ ಒಂದು ಊಹೆಯ ಮೇಲೆ ನಿಂತಿವೆ: ತನ್ನ ದಿನಚರಿಯ ಮೇಲೆ ರೋಗಿಗೆ ಹಿಡಿತವಿದೆ ಎಂಬುದು. ಜಂಗಮಕೋಟೆಯಿಂದ ಶಿಡ್ಲಘಟ್ಟಕ್ಕೆ ಕೂಲಿಗೆ ಹೋಗುವವರಿಗೆ ಆ ಹಿಡಿತ ಇಲ್ಲ. ಹತ್ತು ನಿಮಿಷ ಹೊರಗೆ ಹೋಗಿ ತಣಿಯಲು ಮಾಲೀಕರ ಒಪ್ಪಿಗೆ ಬೇಕು. ಬಿಟ್ಟು ಹೋದ ಬಾಣಲೆಯಲ್ಲಿ ಗೂಡು ಹೆಚ್ಚು ಬೆಂದರೆ ಎಳೆ ಹಾಳು. ಮಾಲೀಕರನ್ನೇ ದೂರುವುದೂ ಪೂರ್ತಿ ನ್ಯಾಯವಲ್ಲ. ಗೂಡಿನ ದರ, ನೂಲಿನ ದರಗಳ ಏರಿಳಿತದ ನಡುವೆ ಸಣ್ಣ ರೀಲರ್ ತಾನೂ ಹೆಂಡತಿ–ಮಕ್ಕಳೊಡನೆ ಅದೇ ಆವಿಯಲ್ಲಿ ನಿಂತಿರುತ್ತಾನೆ.

ಯಂತ್ರ ಬದಲಾದರೆ ಶಾಖವೂ ಬದಲಾಗುತ್ತದೆ ಎಂಬುದು ಇಲ್ಲಿ ಗಮನಾರ್ಹ. ಚರಕದಲ್ಲಿ ಗೂಡು ಬೇಯುವುದೂ ನೂಲು ಬಿಚ್ಚುವುದೂ ಒಂದೇ ಬಿಸಿನೀರಿನಲ್ಲಿ. ಕಾಟೇಜ್ ಬೇಸಿನ್‌ನಲ್ಲಿ ಬೇಯಿಸುವ ಜಾಗ ಬೇರೆ, ನೂಲು ತೆಗೆಯುವ ಬೆಚ್ಚನೆಯ ನೀರಿನ ತೊಟ್ಟಿ ಬೇರೆ. ಸ್ವಯಂಚಾಲಿತ ಯಂತ್ರದಲ್ಲಿ ಕೈ ನೀರಿಗಿಳಿಯುವ ಪ್ರಮೇಯ ಇನ್ನೂ ಕಡಿಮೆ. ಈ ಯಂತ್ರಗಳಿಗೆ ಸರ್ಕಾರ ಸಹಾಯಧನ ಕೊಡುವಾಗ ಚರ್ಚೆಯಾಗುವುದು ನೂಲಿನ ಗುಣಮಟ್ಟ ಮಾತ್ರ. ಚರಕದ ಕುದಿನೀರಿನ ಕಡೆ ಹೊರಗಿನವರ ಕಣ್ಣು ಬಿದ್ದದ್ದು 2003ರಲ್ಲಿ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಜೀತ ಮಕ್ಕಳನ್ನು ಕುರಿತು ಹೊರತಂದ ವರದಿಯಲ್ಲಿ ಕರ್ನಾಟಕದ ಬಿಚ್ಚಾಣಿಕೆ ಘಟಕಗಳಲ್ಲಿ ಬೆಂದ ಮಕ್ಕಳ ಕೈಗಳ ವಿವರವಿತ್ತು. ಮಕ್ಕಳ ವಿಷಯದಲ್ಲಿ ಗದ್ದಲವಾಯಿತು, ಆಗಬೇಕಾದದ್ದೇ. ನೀರಿನ ಮತ್ತು ಆವಿಯ ವಿಷಯ ಅಲ್ಲಿಗೇ ನಿಂತಿತು.

ಕಾನೂನು ಏನು ಹೇಳುತ್ತದೆ? ಕೆಲಸದ ಕೊಠಡಿಯಲ್ಲಿ ಸಾಕಷ್ಟು ಗಾಳಿ ಇರಬೇಕು, ಕಾರ್ಮಿಕರಿಗೆ ಸಹನೀಯವಾದ ಉಷ್ಣತೆ ಇರಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆಯ 13ನೇ ಕಲಂ ವಿಧಿಸಿತ್ತು. ಆದರೆ ವಿದ್ಯುತ್ ಬಳಸುವ ಘಟಕದಲ್ಲಿ 10 ಮಂದಿ, ಬಳಸದ ಘಟಕದಲ್ಲಿ 20 ಮಂದಿ ಇದ್ದರೆ ಮಾತ್ರ ಅದು ‘ಕಾರ್ಖಾನೆ’. ನಾಲ್ಕಾರು ಚರಕಗಳ ಶೆಡ್ಡು ಆ ಗೆರೆಯ ಹೊರಗೇ ಉಳಿಯಿತು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಗಾಳಿ, ಉಷ್ಣತೆ, ತೇವಾಂಶಗಳ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿದೆ. ಜೊತೆಗೇ ಕಾರ್ಖಾನೆಯ ವ್ಯಾಖ್ಯೆಯನ್ನು ಕ್ರಮವಾಗಿ 20 ಮತ್ತು 40 ಮಂದಿಗೆ ಏರಿಸಿದೆ. ಹಿಂದೆ ಗೆರೆಯೊಳಗೆ ಇದ್ದ, 10ರಿಂದ 19 ಮಂದಿ ದುಡಿಯುವ ವಿದ್ಯುತ್‌ಚಾಲಿತ ಘಟಕಗಳು ಈಗ ಕಾರ್ಖಾನೆ ಎಂಬ ವ್ಯಾಖ್ಯೆಯಿಂದ ಹೊರಬಿದ್ದಿವೆ. ಹಳೆಯ ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ರಾಸಾಯನಿಕ ಮತ್ತು ಬಣ್ಣಗಳಿಂದ ಬರುವ ಚರ್ಮರೋಗಕ್ಕೆ ಸ್ಥಾನವಿತ್ತು. ಶಾಖದ ಗಂಧೆಗೆ ಇರಲಿಲ್ಲ.

ಜಂಗಮಕೋಟೆ ಹೋಬಳಿಯಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಭೂಸ್ವಾಧೀನ ಪ್ರಸ್ತಾವ 2025ರಲ್ಲಿ ರೈತರ ಪರ–ವಿರೋಧ ಹೋರಾಟಗಳಿಗೆ ಕಾರಣವಾಗಿತ್ತು. ಹಿಪ್ಪುನೇರಳೆ ತೋಟಗಳ ಜಾಗದಲ್ಲಿ ಶೆಡ್ಡುಗಳು ಎದ್ದರೆ ಎಷ್ಟು ಮಂದಿಗೆ ಉದ್ಯೋಗ ಎಂಬ ಲೆಕ್ಕ ಸಭೆಗಳಲ್ಲಿ ಕೇಳಿಬಂತು. ಆ ಶೆಡ್ಡುಗಳ ಚಾವಣಿ ತಗಡಿನದೋ ಅಲ್ಲವೋ ಎಂಬುದು ಚರ್ಚೆಯ ವಿಷಯವಾಗಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ದಕ್ಷಿಣ ವಲಯದ ಔದ್ಯೋಗಿಕ ಆರೋಗ್ಯ ಕೇಂದ್ರ ಇರುವುದು ಇಲ್ಲಿಂದ ದೂರವೇನಲ್ಲ. ವಿಜಯಪುರ, ದೇವನಹಳ್ಳಿ ದಾಟಿದರೆ ಸಿಗುವ ಕನ್ನಮಂಗಲದ ಬಳಿ. ಶೆಡ್ಡಿನ ಶಾಖ, ತೇವ, ಗಾಳಿಯ ಚಲನೆಗಳನ್ನು ಒಟ್ಟಿಗೆ ಅಳೆಯುವ ಉಪಕರಣ ಒಂದು ಚೀಲದಲ್ಲಿ ಹಿಡಿಸುವಂಥದ್ದು. ಬಾಣಲೆಗಳು ಹೊತ್ತಿಕೊಂಡಿರುವ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಸಾಕು.